ಮಾವನ ಬಾಯಿ ಮತ್ತು ಮೂರನೇ ಭಾಗ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೋದರಮಾವನ ಬಾಯಿ ಮುಚ್ಚಿಸಲು ಇದುವರೆಗೆ ಯಾರಿಂದಲೂ ಆಗಿಲ್ಲ. ಅತ್ತೆಯಿಂದ ಆಗಲಿಲ್ಲ, ಪೊಲೀಸರಿಂದ ಆಗಲಿಲ್ಲ, ಹಲ್ಲು ಕಿತ್ತ ಡಾಕ್ಟರರಿಂದಲೂ ಆಗಲಿಲ್ಲ. ಕೊನೆಗೆ ಅರ್ಧ ಮುಗಿದ ಸಿನಿಮಾದಿಂದ ಅದರ ನಿರ್ದೇಶಕರಾದ ಅವರನ್ನೇ ತೆಗೆಯಬೇಕಾಯಿತು. ತೆಗೆದವನು ಯಾರು ಅಂತೀರಿ? ಇದನ್ನು ಬರೆಯುತ್ತಿರುವ ಇದೇ ಪಾಪಿ!

ಮಾವ ಮೂಲತಃ ನಾಟಕದ ಮಾಸ್ತರು. ಸಾಲಗುಂದ, ತುರ್ವಿಹಾಳ, ದಢೇಸುಗೂರು ಎಂದು ಊರೂರು ತಿರುಗಿ, ಹಾರ್ಮೋನಿಯಂ ಮುಂದಿಟ್ಟುಕೊಂಡು ರೈತರಿಗೆ ನಾಟಕ ಕಲಿಸಿದವರು. ಆಟದ ದಿನ ಪರದೆಯ ಸಂದಿಯಲ್ಲಿ ಕೂತು ಪ್ರತಿ ಪಾತ್ರಕ್ಕೂ ಮಾತು ಎತ್ತಿಕೊಡುವುದು ಮಾಸ್ತರರ ಕೆಲಸ. ನಮ್ಮ ಮಾವನಿಗೆ ಅದು ಕೆಲಸವಾಗಿ ಉಳಿಯಲಿಲ್ಲ, ಚಟವಾಯಿತು. ಎದುರಿಗಿದ್ದವರು ಉಸಿರೆಳೆಯಲು ಒಂದು ಗಳಿಗೆ ನಿಂತರೆ ಸಾಕು, ಮುಂದಿನ ಮಾತು ಮಾವನದು. ಮದುವೆಯಲ್ಲಿ ಅಯ್ಯನವರಿಗೆ ಮಂತ್ರ ಎತ್ತಿಕೊಡುತ್ತಾರೆ, ಬಸ್ಸಿನಲ್ಲಿ ಕಂಡಕ್ಟರನಿಗೆ ಮುಂದಿನ ಸ್ಟಾಪು ಎತ್ತಿಕೊಡುತ್ತಾರೆ. ಬೀದಿ ಜಗಳದಲ್ಲಿ ಪಕ್ಷಪಾತ ಮಾಡದೆ ಎರಡೂ ಕಡೆಯವರಿಗೆ ಬೈಗುಳ ಎತ್ತಿಕೊಟ್ಟಿದ್ದೂ ಉಂಟು.

ನನಗೆ ಹೆಣ್ಣು ನೋಡಲು ಲಿಂಗಸುಗೂರಿಗೆ ಹೋಗಿದ್ದೆವು. ಹುಡುಗಿಯ ತಂದೆ, "ಹುಡುಗಿ ಒಪ್ಪಿಗಿ ಅದಾಳೇನ್ರಿ?" ಎಂದು ಕೇಳಿದರು. ನಾನು ಮರ್ಯಾದೆಗೆ ಸ್ವಲ್ಪ ತಲೆ ತಗ್ಗಿಸಿದೆ, ಅಷ್ಟೇ. ಕಂಬದ ಹಿಂದಿನಿಂದ ಥೇಟ್ ನನ್ನ ದನಿಯಲ್ಲೇ ಉತ್ತರ ಬಂತು: "ಒಪ್ಪಿಗಿ ಅದಾಳ್ರಿ." ನನ್ನ ಹೆಂಡತಿ ಇವತ್ತಿಗೂ ಜಗಳ ಬಂದಾಗಲೆಲ್ಲ ಹೇಳುತ್ತಾಳೆ, "ನನ್ನ ಒಪ್ಪಿದವ್ರು ನೀವಲ್ಲ, ನಿಮ್ಮ ಮಾವ."

ಇಂಥವರು ಸಿನಿಮಾ ಮಾಡಿದರೆ ಏನಾಗಬೇಕು? ಗೆದ್ದುಬಿಟ್ಟಿತು! ಕಾಲುವೆಯ ತುದಿಯ ಊರುಗಳಿಗೆ ನೀರು ತರಲು ಹೊಡೆದಾಡುವ ನಾಯಕನ ಕಥೆ. ಹೆಸರು 'ಕೊನೆ ತೂಬು'. ಮೊಬೈಲಿನಲ್ಲಿ ನೋಡುವ ಸಿನಿಮಾ, ಊರಿನವರೇ ನಟರು. ಮಾವ ಕ್ಯಾಮರಾದ ಹಿಂದೆ ಕೂತು ಪ್ರತಿ ಮಾತನ್ನೂ ಎತ್ತಿಕೊಟ್ಟರು. ಎಲ್ಲವೂ ರೆಕಾರ್ಡ್ ಆಯಿತು. ನಾಯಕ "ನೀರು ಬಿಡ್ರಿ" ಎನ್ನುವ ಮೊದಲೇ ಎಲ್ಲಿಂದಲೋ "ನೀರು ಬಿಡ್ರಿ" ಎಂದು ಕೇಳುತ್ತಿತ್ತು. ನಮ್ಮ ಮಾನ ಹೋಯಿತು ಎಂದುಕೊಂಡರೆ, ನೋಡಿದವರು ಕೆಳಗೆ ಬರೆದರು: 'ನಾಯಕನ ಅಂತರಾತ್ಮ ಮಾತಾಡಿದ್ದು ಭಾರಿ ಐತಿ.' ಎರಡನೇ ಭಾಗದಲ್ಲಿ ಅಂತರಾತ್ಮಕ್ಕೆ ಇನ್ನಷ್ಟು ಉತ್ಸಾಹ ಬಂದು ಖಳನಾಯಕನ ಒಳಗೂ ಮಾತಾಡತೊಡಗಿತು. ಹೆಸರೇ 'ಕೊನೆ ತೂಬು', ಅದಕ್ಕೆ ಮೂರನೇ ಭಾಗ ಬೇರೆ ಬೇಕೆಂದು ಮೂರು ತಾಲ್ಲೂಕಿನ ಜನ ಕೇಳಿದರು.

ಮೂರನೆಯದು ದೊಡ್ಡದು. ಸಿಂಧನೂರಿನ ರೈಸ್‌ಮಿಲ್ ಸಾವ್ಕಾರರು ನಿರ್ಮಾಪಕರು, ಟಾಕೀಸಿನಲ್ಲಿ ಬಿಡುಗಡೆ, ಸೂಜಿ ಬಿದ್ದರೂ ಹಿಡಿಯುವ ಮೈಕು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು, ರಜೆಯಲ್ಲಿ ಮಾವನಿಗೆ ಸಹಾಯಕ. ಮೊದಲ ದಿನ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಶೂಟಿಂಗು. ಮಾವ 'ಕಟ್' ಎನ್ನುವವರಲ್ಲ. ನಾಟಕದ ತಾಲೀಮಿನ ರೂಢಿಯಂತೆ, ಸಾಕು ಎನ್ನುವುದಕ್ಕೆ "ಬಸ್" ಎನ್ನುವವರು. ಶಾಟ್ ಮುಗಿಯುತ್ತಲೇ ಗಟ್ಟಿಯಾಗಿ "ಬಸ್!" ಎಂದು ಕೂಗಿದರು. ನಾವು ಕೂರಿಸಿದ್ದ ಪ್ರಯಾಣಿಕರೆಲ್ಲ ಗಂಟುಮೂಟೆ ಎತ್ತಿಕೊಂಡು ಎದುರಿಗೆ ಬಂದ ಬಸ್ಸಿಗೆ ನುಗ್ಗಿದರು. ಖಳನಾಯಕ ಗುಂಪಿನೊಳಗೆ ಸಿಕ್ಕಿಬಿದ್ದು, ಅಂಟಿಸಿದ ಮೀಸೆಯ ಸಮೇತ ಲಿಂಗಸುಗೂರು ತಲುಪಿದ.

ಇದನ್ನೂ ಸಾವ್ಕಾರರು ನಕ್ಕು ಬಿಟ್ಟರು. ಆದರೆ ಅರ್ಧ ಸಿನಿಮಾ ಮುಗಿದ ಮೇಲೆ ಸೌಂಡಿನವನು ಕಿವಿಯಿಂದ ಹೆಡ್‌ಫೋನ್ ತೆಗೆದು, "ಒಂದೂ ಉಪಯೋಗಕ್ಕ ಬರಂಗಿಲ್ಲರಿ. ಎಲ್ಲಾದ್ರಾಗೂ ಮಾಸ್ತರ ಅದಾರ" ಎಂದ. ಮಾವ ನಿಜವಾಗಿ ಪ್ರಯತ್ನಪಟ್ಟರು. ಬಾಯಿಗೆ ಟವೆಲ್ ತುರುಕಿಕೊಂಡು ಒಂದು ದಿನ ಕೂತರು. ಮೈಕಿನಲ್ಲಿ ನಾಯಕನ ಮಾತಿನ ಹಿಂದೆ ಎಮ್ಮೆ ಮುಲುಗಿದಂತೆ ಕೇಳಿತು.

ಸಾವ್ಕಾರರು ನನ್ನನ್ನು ಮಿಲ್ಲಿಗೆ ಕರೆಸಿದರು. "ಇನ್ನ ಮುಂದ ಡೈರೆಕ್ಷನ್ ನೀನ ಮಾಡು. ಅವ್ರಿಗೂ ನೀನ ಹೇಳು. ಆಗಂಗಿಲ್ಲಂದ್ರ ಸಿನಿಮಾ ಇಲ್ಲಿಗೇ ಬಂದ್."

ನಾಯಕ ತುರ್ವಿಹಾಳದ ಟ್ರ್ಯಾಕ್ಟರ್ ಡ್ರೈವರ್, ಓದಲು ಬಾರದವನು. ಮಾವನ ಬಾಯಿ ನೋಡಿ ನಟಿಸುವುದೊಂದೇ ಅವನಿಗೆ ಗೊತ್ತು. ಮಾವ ಮುನಿಸಿಕೊಂಡರೆ ಅವನೂ ಎದ್ದು ಹೋಗುತ್ತಾನೆ. ಇತ್ತ ಮನೆಯಲ್ಲಿ ಅವ್ವ, "ನಮ್ಮಣ್ಣನ ಕುರ್ಚಿ ಮ್ಯಾಲ ಕುಂತು ನನಗ ಮಾರಿ ತೋರಸಬ್ಯಾಡ" ಎಂದಳು. ಅತ್ತ ದರಿ, ಇತ್ತ ಪುಲಿ. ಸಿನಿಮಾ ಹೋದರೆ ಹೋಗಲಿ, ಮಾವನೇ ಹೋದರೆ ನಾನೇನು ಮಾಡಲಿ?

ಎರಡು ದಿನ ಹೇಳಲಿಲ್ಲ. ಮೂರನೇ ದಿನ ಮಸ್ಕಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಮುಂದಿಟ್ಟುಕೊಂಡು ಕೂತಾಗ ಬಾಯಿ ತೆರೆದೆ.

"ಮಾವ, ಸಾವ್ಕಾರ್ರು ಏನಂದ್ರಂದ್ರ..."

ಅಲ್ಲಿಗೇ ನಿಂತುಹೋದೆ. ಮುಂದಿನ ಮಾತು ಮಾವನೇ ಎತ್ತಿಕೊಡುತ್ತಾರೆ ಎಂಬುದು ನನ್ನ ಧೈರ್ಯ. ಜನ್ಮವಿಡೀ ಅಪರಿಚಿತರಿಗೂ ಎತ್ತಿಕೊಟ್ಟವರು, ಅಕ್ಕರೆಯ ಅಳಿಯನಿಗೆ ಕೊಡುವುದಿಲ್ಲವೇ? ಕೊಡಲಿಲ್ಲ. ಮಿರ್ಚಿಯ ತೊಟ್ಟು ಹಿಡಿದುಕೊಂಡು ನನ್ನನ್ನೇ ನೋಡುತ್ತ ಕೂತರು. ಅವರಿಗೆ ಎಲ್ಲ ಗೊತ್ತಾಗಿತ್ತು. ಆ ಮಾತನ್ನು ಪೂರ್ತಿ ನಾನೇ ಹೇಳಬೇಕಾಯಿತು.

"ಮುಂದ ಯಾರು ಮಾಡ್ತಾರಲೇ?" ಎಂದು ಕೇಳಿದರು.

"ನಾನರಿ ಮಾವ."

ಅವರು ಮಿರ್ಚಿಯನ್ನು ತಟ್ಟೆಯಲ್ಲಿಟ್ಟು, ಕೈ ತೊಳೆದುಕೊಂಡು ಎದ್ದು ಹೋದರು.

ಮಾರನೆಯ ದಿನ ದಢೇಸುಗೂರಿನ ಕಾಲುವೆಯ ದಂಡೆಯ ಮೇಲೆ ಊರ ಜನ ಸೇರಿ ತೂಬು ಎತ್ತುವ ದೃಶ್ಯ. ಸಂಜೆಗೆ ಕಾಲುವೆ ನೀರು ಬಂದ್ ಆಗುವುದಿತ್ತು, ಆ ದಿನ ಬಿಟ್ಟರೆ ದೃಶ್ಯವೇ ಇಲ್ಲ. ನಾಯಕ ನಿಂತ, ಮೈಕು ನಿಂತಿತು, ಐವತ್ತು ಜನ ನಿಂತರು. ನಾನು "ಆಕ್ಷನ್" ಎಂದೆ. ನಾಯಕ ಬಾಯಿ ತೆರೆಯಲಿಲ್ಲ. ಮತ್ತೆ ಹೇಳಿದೆ. ಅವನ ಕಣ್ಣು ನನ್ನ ಹಿಂದೆ ಎಲ್ಲೋ ಹುಡುಕುತ್ತಿತ್ತು.

"ಮಾಸ್ತರ ಎಲ್ಲಿ?"

"ಮನ್ಯಾಗ ಅದಾರ. ನೀ ಹೇಳು."

"ಅವ್ರು ಬರಲಿ. ಹೇಳ್ತೀನಿ."

ಹಿಂದೆ ಸಾವ್ಕಾರರ ಕಾರು ಬಂದು ನಿಂತಿತು. ಬಿಸಿಲು ಏರುತ್ತಿತ್ತು, ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಗ ದಂಡೆಯ ಮೇಲೆ ಒಂದು ಟಂಟಂ ಆಟೊ ಬಂತು. ಅದರಿಂದ ಮಾವ ಇಳಿದರು.

ಸೌಂಡಿನವನು ತಲೆ ಮೇಲೆ ಕೈ ಹೊತ್ತ. ನಾಯಕನ ಮುಖ ಅರಳಿತು. ಎಲ್ಲರೆದುರು ಬೈಯುತ್ತಾರೋ, ನಾಯಕನನ್ನು ಕರೆದುಕೊಂಡೇ ಹೋಗುತ್ತಾರೋ? ಯಾವುದು ಮಾಡಿದರೂ ಅವರಿಗೆ ಹಕ್ಕಿತ್ತು. ಮಾವ ನಾಯಕನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ನನ್ನ ಬಳಿ ಬಂದರು. ತಾಲೀಮಿಗೆ ಬಂದವರು ಮಾಸ್ತರರ ಮುಂದೆ ಚಪ್ಪಲಿ ಮೆಟ್ಟಿ ನಿಲ್ಲಬಾರದು ಎಂಬುದು ಅವರೇ ಊರೂರಿಗೆ ಕಲಿಸಿದ ಪದ್ಧತಿ. ಮಾವ ಕಾದ ಮಣ್ಣಿನ ಮೇಲೆ ಚಪ್ಪಲಿ ಕಳಚಿದರು. ನನ್ನನ್ನು ಹುಟ್ಟಿದಾಗಿನಿಂದ 'ಲೇ' ಎಂದೇ ಕರೆದವರು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಮಾಸ್ತರ್ರ, ಜನದಾಗ ನಾನೂ ಒಬ್ಬಾಂವ ಅಂತ ಬಂದೀನ್ರಿ. ನಾ ಎಲ್ಲಿ ನಿಂದರಬೇಕ್ರಿ?"

ನಾಯಕ ಅದನ್ನು ಕಂಡು ತನ್ನ ಜಾಗಕ್ಕೆ ಹೋಗಿ ನನ್ನ ಕಡೆ ಮುಖ ಮಾಡಿ ನಿಂತ. ಐವತ್ತು ಜನ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಕಾಲೇಜಿನಲ್ಲಿ ಗಂಟೆಗಟ್ಟಲೆ ಮಾತಾಡುವ ನನಗೆ ಒಂದಕ್ಷರ ಹೊರಡಲಿಲ್ಲ.

ಮಾವ ಒಂದು ಹೆಜ್ಜೆ ಮುಂದೆ ಬಂದು, ಮೈಕಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಎತ್ತಿಕೊಟ್ಟರು:

"'ಹಿಂದ ಹೋಗಿ ಬಾಯಿ ಮುಚ್ಚಿಕೊಂಡು ನಿಂದರು' ಅನ್ನು, ಲೇ."