ನಿದ್ದೆಯಲ್ಲಿ ಎತ್ತಿದ ಕೈ

ಬದುಕಿನಲ್ಲಿ ನಾನು ಒಂದೇ ಒಂದು ನಿಯಮವನ್ನು ಊರವರೆಲ್ಲ ನೋಡುವಂತೆ ಕೈ ಎತ್ತಿ ಹಿಡಿದಿದ್ದೇನೆ. ಹಗಲು ನಿದ್ದೆ ಮಾಡುವುದಿಲ್ಲ ಎಂಬುದೇ ಆ ನಿಯಮ. ಅದನ್ನು ಹಿಡಿದಾಗ ಹಾಡುಹಗಲು, ಮತ್ತು ನಾನು ಗಾಢ ನಿದ್ದೆಯಲ್ಲಿದ್ದೆ. ನಗುವವರು ಈಗಲೇ ನಕ್ಕುಬಿಡಿ. ನನ್ನ ಹಾಗೆ ಅರವತ್ತೆಂಟು ದಾಟಿದ ಮೇಲೆ ಇದನ್ನೇ ಮತ್ತೊಮ್ಮೆ ಓದಿದರೆ ಅಷ್ಟೊಂದು ನಗು ಬರಲಿಕ್ಕಿಲ್ಲ.

ನಿದ್ದೆಯ ವಿಷಯದಲ್ಲಿ ನಾನು ಒಂದು ಕಾಲದಲ್ಲಿ ಶ್ರೀಮಂತನಾಗಿದ್ದೆ. ಅಕಿವಾಟದ ಅಜ್ಜನ ಮನೆಯಲ್ಲಿ ಬಾಯಲ್ಲಿ ತುತ್ತು ಇಟ್ಟುಕೊಂಡೇ ಮಲಗಿಬಿಡುತ್ತಿದ್ದೆನಂತೆ. ಅವ್ವ ಬೆರಳು ಹಾಕಿ ತುತ್ತು ತೆಗೆಯುತ್ತಿದ್ದಳಂತೆ. ಆಮೇಲೆ ಅಪ್ಪ ಯಡ್ರಾವದಲ್ಲಿ ಹನ್ನೆರಡು ಸಾದಾ ಮಗ್ಗ ಹಾಕಿದ. ನಾವು ಮಲಗುವ ಕೋಣೆಗೂ ಮಗ್ಗಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಗಲೂ ರಾತ್ರಿ ಖಟ್ ಖಟ್ ಖಟ್ ಖಟ್. ಗೋಡೆಗೆ ತೂಗುಹಾಕಿದ ಕನ್ನಡಿ ಅಲುಗಾಡುತ್ತಲೇ ಇರುತ್ತಿದ್ದುದರಿಂದ ನನ್ನ ಮುಖ ಅಲುಗದೆ ಹೇಗೆ ಕಾಣುತ್ತದೆಂದು ನನಗೆ ಮದುವೆಯ ಫೋಟೋ ಬಂದ ಮೇಲೆಯೇ ಗೊತ್ತಾದದ್ದು. ಅಂಥ ಸಪ್ಪಳದಲ್ಲಿ ನಾನು ಎಂಟು ತಾಸು ಮಗ್ಗುಲು ಬದಲಿಸದೆ ಮಲಗುತ್ತಿದ್ದೆ. ಕರೆಂಟು ಹೋಗಿ ಮಗ್ಗ ನಿಂತಿತೋ, ಆ ಕ್ಷಣಕ್ಕೆ ಮನೆಮಂದಿಯೆಲ್ಲ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆವು. ಮಗ್ಗದವರಿಗೆ ಜೋಗುಳ ಬೇರೆ ಬೇಕಿಲ್ಲ.

ಮದುವೆಯಾದ ಹೊಸತರಲ್ಲಿ ಗಡಹಿಂಗ್ಲಜದ ಹತ್ತಿರ, ಹೊಲದ ನಡುವೆ ಇರುವ ಮಾವನ ಮನೆಗೆ ಹೋಗಿದ್ದೆ. ಊಟ ಚೆನ್ನಾಗಿತ್ತು, ಗಾದಿ ಮೆತ್ತಗಿತ್ತು, ಸುತ್ತ ಒಂದು ಎಲೆ ಅಲುಗಿದ ಸದ್ದಿಲ್ಲ. ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡು ಕೂತೆ. ಅಳಿಯನಿಗೆ ಏನೋ ಅಸಮಾಧಾನವಾಗಿದೆ ಎಂದು ಅತ್ತೆ ಮೂರು ದಿನ ಮೂರು ಬಗೆಯ ಹೋಳಿಗೆ ಮಾಡಿದರು. ನಾನೂ ಏನೂ ಹೇಳಲಿಲ್ಲ, ಹೋಳಿಗೆ ಚೆನ್ನಾಗಿದ್ದವು. ನನ್ನ ಹೆಂಡತಿ ಪದ್ಮಾವತಿ ಯಡ್ರಾವಕ್ಕೆ ಬಂದಾಗ ಇದು ಉಲ್ಟಾ ಆಯಿತು. ಮಗ್ಗದ ಸಪ್ಪಳಕ್ಕೆ ಎಂಟು ದಿನ ನಿದ್ದೆಯಿಲ್ಲದೆ, ಕಿವಿಗೆ ಹತ್ತಿ ತುರುಕಿಕೊಂಡು ಅತ್ತಳು. "ಹೊಂದಿಕೊಳ್ತಾಳ" ಎಂದು ಅವ್ವ ಹೇಳಿದಳು. ಹೊಂದಿಕೊಂಡಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಈ ಕೇಳದೆ ಹೋದದ್ದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದೇ ನನ್ನ ಕೊರಳಿಗೆ ಬರುತ್ತದೆ.

ಈಗ ಆ ಮಗ್ಗಗಳಿಲ್ಲ. ಮಗ ಸುದರ್ಶನ ಇಚಲಕರಂಜಿಯ ಹೊರಗೆ ದೊಡ್ಡ ಶೆಡ್ಡಿನಲ್ಲಿ ಹೊಸ ನಮೂನೆಯ ಮಗ್ಗ ಹಾಕಿದ್ದಾನೆ. ಹಳೆಯವು ಹೋದ ದಿನವೇ ನನ್ನ ನಿದ್ದೆಯೂ ಅವುಗಳ ಹಿಂದೆಯೇ ಟೆಂಪೋ ಹತ್ತಿತು. ನಮ್ಮದು ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಜೈನರ ಮನೆ. ಹಾಗಾಗಿ ಎಂಟಕ್ಕೆ ಆಕಳಿಕೆ, ಹನ್ನೆರಡಕ್ಕೆಲ್ಲ ಎಚ್ಚರ. ರಾತ್ರಿ ಬಾರದ ನಿದ್ದೆ ಹಗಲಿನಲ್ಲಿ ಚೂರುಚೂರಾಗಿ ಎಲ್ಲೆಂದರಲ್ಲಿ ಬರುತ್ತದೆ. ಕ್ಷೌರದ ಕುರ್ಚಿಯಲ್ಲಿ ಬರುತ್ತದೆ. ಬೀಗರ ಜೊತೆ ಫೋನಿನಲ್ಲಿ ಮಾತಾಡುವಾಗ, ಅದೂ ನಾನೇ ಮಾತಾಡುತ್ತಿರುವಾಗ ಬರುತ್ತದೆ. ಮಗ ನನ್ನನ್ನು ಕೊಲ್ಹಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಸರತಿಗೆ ಕಾಯುತ್ತ ಬೆಂಚಿನ ಮೇಲೆ ನಿದ್ದೆ ಹೋಗಿ ನನ್ನ ಪಾಳಿ ತಪ್ಪಿತು. ಮತ್ತೆ ಪಾಳಿ ಬಂದು ಒಳಗೆ ಬಿಟ್ಟಾಗ ಡಾಕ್ಟರು ನಕ್ಕು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, "ವಯಸ್ಸಾದ ಮ್ಯಾಲ ನಿದ್ದಿ ಹಿಂಗ ಒಡೀತೈತ್ರಿ. ದುಪಾರಿ ಝೋಪೂ ನಕಾ, ಕಾಕಾ" ಎಂದರು. ಮಧ್ಯಾಹ್ನ ಮಲಗಬೇಡಿ, ಅಷ್ಟೇ ಔಷಧಿ. ಖಂಡಿತ ಮಲಗುವುದಿಲ್ಲ ಎಂದು ಹೇಳಿ ಬಂದು, ಕಾರು ಹತ್ತಿ, ಯಡ್ರಾವದವರೆಗೂ ಮಲಗಿದೆ.

ಇನ್ನು ಆ ಕೈ ಎತ್ತಿದ ಸಂಗತಿ. ಚಾತುರ್ಮಾಸಕ್ಕೆ ನಮ್ಮ ಬಸದಿಯಲ್ಲಿ ಮುನಿಮಹಾರಾಜರು ತಂಗಿದ್ದರು. ದಿನಾ ಮಧ್ಯಾಹ್ನ ಪ್ರವಚನ. ನಾನು ಮುಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಭಕ್ತಿ ಇತ್ತು, ಸುಳ್ಳು ಹೇಳುವುದಿಲ್ಲ, ಕಂಬವೂ ತಂಪಾಗಿತ್ತು. ಅವತ್ತು ಕನಸಿನಲ್ಲಿ ನಾನು ಹಳೆಯ ಮಗ್ಗಗಳ ನಡುವೆ ನಿಂತಿದ್ದೆ. ಏಳನೆಯ ಮಗ್ಗದಲ್ಲಿ ಎಳೆ ಹರಿದಿತ್ತು. ಮಗ್ಗದ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲ ಕೈಸನ್ನೆ. ಅಂಗೈ ಮೇಲೆತ್ತಿ ಹಿಡಿದರೆ "ನಿಲ್ಲಿಸು". ತೋರುಬೆರಳನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿದರೆ "ಚಾಲೂ ಮಾಡು". ಬಾಗಿಲಲ್ಲಿ ನಿಂತು ಬೆರಳುಗಳನ್ನು ಬಾಯಿಗೆ ತೋರಿಸಿದರೆ ಅದು ಪದ್ಮಾವತಿ, ಊಟಕ್ಕೆ ಕರೆಯುತ್ತಿದ್ದಾಳೆ ಎಂದು ಅರ್ಥ. ಕನಸಿನಲ್ಲಿ ಎಳೆ ಹರಿದದ್ದು ನೋಡಿ ನಾನು ಕೈಯನ್ನು ಎಷ್ಟು ಸಾಧ್ಯವೋ ಅಷ್ಟು ಎತ್ತರಕ್ಕೆ ಎತ್ತಿ ಹಿಡಿದೆ. ಸರಿಯಾಗಿ ಅದೇ ಹೊತ್ತಿಗೆ ಮಹಾರಾಜರು, ದೀಪಾವಳಿಯವರೆಗೆ ಹಗಲು ನಿದ್ದೆ ತ್ಯಾಗ ಮಾಡುವವರು ಯಾರಿದ್ದೀರಿ ಎಂದು ಕೇಳಿದ್ದರಂತೆ.

ಕಣ್ಣು ಬಿಟ್ಟಾಗ ನನ್ನ ಕೈಯಲ್ಲಿ, ನಿಯಮ ಹಿಡಿದವರಿಗೆ ಕೊಡುವ ತೆಂಗಿನಕಾಯಿ ಇತ್ತು. ಇಡೀ ಸಭೆಯಲ್ಲಿ ಮೊದಲು ಕೈ ಎತ್ತಿದವನು ನಾನೇ ಎಂದು ಪಕ್ಕದವರು ಬೆನ್ನು ತಟ್ಟಿದರು. ಸಂಜೆ ಮಹಾರಾಜರ ಹತ್ತಿರ ಹೋಗಿ ನಿಜ ಹೇಳಿಬಿಡೋಣ ಎಂದು ಹೋದೆ. ಬಾಯಿ ತೆರೆಯುವ ಮೊದಲೇ ಅವರು, "ಛಾನ್! ಈ ವಯಸ್ಸಿನ್ಯಾಗ ಇಂಥಾ ಗಟ್ಟಿ ಮನಸ್ಸು!" ಎಂದು ಆಶೀರ್ವಾದ ಮಾಡಿದರು. ಅಂಥ ಮಾತು ನನಗೆ ಈ ವಯಸ್ಸಿನಲ್ಲಿ ಯಾರೂ ಹೇಳಿರಲಿಲ್ಲ. ಹಿಂತಿರುಗಿ ಬರುವಾಗ ನಿಶ್ಚಯ ಮಾಡಿದೆ: ಹಿಡಿದದ್ದು ಹೇಗೇ ಇರಲಿ, ಬಿಡುವುದು ಮಾತ್ರ ಇಲ್ಲ.

ಮರುದಿನದಿಂದ ಪ್ರವಚನದಲ್ಲಿ ಹಿಂದಿನ ಸಾಲಿನಲ್ಲಿ ನಿಂತೇ ಕೇಳತೊಡಗಿದೆ. ಆದರೆ ಗಂಡಾಂತರ ಇದ್ದದ್ದು ಅದಕ್ಕೆ ಮೊದಲು, ಉಂಡ ಮೇಲೆ ಒಂದರಿಂದ ಮೂರರವರೆಗೆ. ಆ ಎರಡು ತಾಸು ನಾನು ಮಾಡದ ಕೆಲಸವಿಲ್ಲ. ಮುಖಕ್ಕೆ ನೀರು ಹೊಡೆದುಕೊಂಡೆ, ಲವಂಗ ಅಗಿದೆ, ನಿಂತುಕೊಂಡು ಪೇಪರು ಓದಿದೆ. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಎತ್ತರದ ಪ್ರಕಾರ ಜೋಡಿಸಿದೆ. ಪದ್ಮಾವತಿಯನ್ನು, ಅಮಾವಾಸ್ಯೆ ಯಾವತ್ತು, ಅವಳ ತಂಗಿಯ ಬೀಗರ ಹೆಸರೇನು ಎಂದೆಲ್ಲ ಕೇಳುತ್ತ ಕೂತೆ. ಎಂಟು ದಿನ ಕಳೆದವು. ನಾನು ಗೆದ್ದೆ ಎಂದು ಎದೆಯುಬ್ಬಿಸಿ ಓಡಾಡುತ್ತಿರುವಾಗ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮರುದಿನ ಉಪ್ಪೇ ಇರಲಿಲ್ಲ. ಅದರ ಮರುದಿನ ಪದ್ಮಾವತಿಗೆ ತಲೆಸುತ್ತು ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣು ಕೆಂಪಾಗಿದ್ದವು.

"ಏನಾತು?" ಎಂದು ಗಾಬರಿಯಿಂದ ಕೇಳಿದೆ.

"ಏನಾಗ್ಬೇಕು? ನಿದ್ದಿ ಇಲ್ಲ. ನಸುಕಿನ್ಯಾಗ ನಾಕಕ್ಕ ಏಳಾಕಿ ನಾನು. ಮಧ್ಯಾಹ್ನ ನೀವು ಮಲಗಿದ ಮ್ಯಾಲ ನಾನೂ ಒಂದ ತಾಸು ಅಡ್ಡಾಗ್ತಿದ್ನಿ. ಈಗ ನೀವು ಮಲಗಂಗಿಲ್ಲ, ನನ್ನನ್ನೂ ಮಲಗಾಕ ಬಿಡಂಗಿಲ್ಲ."

ನಾಲ್ವತ್ತು ವರ್ಷದಿಂದ ನನ್ನ ಹೆಂಡತಿ ದಿನಾ ಮಧ್ಯಾಹ್ನ ಮಲಗುತ್ತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮಗ್ಗ ಇದ್ದಾಗ ಆ ಹೊತ್ತಿಗೆ ಮಗ್ಗಗಳ ನಡುವೆ ಇರುತ್ತಿದ್ದೆ, ಮಗ್ಗ ಹೋದ ಮೇಲೆ ನಿದ್ದೆಯಲ್ಲಿರುತ್ತಿದ್ದೆ. ಇಡೀ ದಿನದಲ್ಲಿ ಅವಳದು ಎಂದು ಇದ್ದದ್ದು ಆ ಒಂದೇ ತಾಸು, ಅದನ್ನೂ ನನ್ನ ಗಟ್ಟಿ ಮನಸ್ಸು ಕಿತ್ತುಕೊಂಡಿತ್ತು. ನನಗೆ ನಾಚಿಕೆಯಾಯಿತು. ನಿಯಮವನ್ನೂ ಉಳಿಸಬೇಕು, ಅವಳ ನಿದ್ದೆಯನ್ನೂ ಮರಳಿ ಕೊಡಬೇಕು ಎಂದು ಅಲ್ಲೇ ಮೆಟ್ಟಿಲ ಮೇಲೆ ಎರಡನೆಯ ನಿಯಮ ಹಿಡಿದೆ. ಈ ಸಲ ಎಚ್ಚರವಾಗಿದ್ದು ಹಿಡಿದೆ.

ಅವಳು ಗಡಹಿಂಗ್ಲಜದವಳು, ಹೊಲದ ಮನೆಯ ಶಾಂತತೆಯಲ್ಲಿ ಬೆಳೆದವಳು. ಅವಳಿಗೆ ಬೇಕಾದದ್ದು ನಿಶ್ಶಬ್ದ ಎಂದು ಲೆಕ್ಕ ಹಾಕಿ ಕೆಲಸಕ್ಕೆ ಇಳಿದೆ. ಬಾಗಿಲುಗಳ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟೆ. ಕರೆಗಂಟೆಯ ವೈರು ಬಿಚ್ಚಿದೆ. ಗೋಡೆ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಭಾಜಿ ಮಾರುವವಳಿಗೆ ನಮ್ಮ ಓಣಿಯಲ್ಲಿ ಎರಡು ತಾಸು ಕೂಗಬೇಡವ್ವ ಎಂದು ಕೈಮುಗಿದು ಬೇಡಿಕೊಂಡೆ. ನಾನು ಕಾಲುಚೀಲ ಹಾಕಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕಾವಲು ಕೂತೆ. ಯಾರಾದರೂ ಬಂದರೆ ಅಂಗೈ ಎತ್ತಿ "ನಿಲ್ಲಿಸು" ಎಂದು ಸನ್ನೆ ಮಾಡಿ ಓಡಿಸುತ್ತಿದ್ದೆ. ಗ್ಯಾಸ್ ಸಿಲಿಂಡರಿನವನು ನನ್ನ ಸನ್ನೆಯನ್ನು ಆಶೀರ್ವಾದ ಎಂದು ತಿಳಿದು ನಮಸ್ಕಾರ ಮಾಡಿ, ಸಿಲಿಂಡರು ಕೊಡದೆ ಹೋದ. ಮನೆಯೊಳಗೆ ಸೂಜಿ ಬಿದ್ದರೂ ಕೇಳುವಷ್ಟು ಶಾಂತಿ. ಮೂರು ದಿನ ಅವಳು ಕಣ್ಣು ಮುಚ್ಚಿ ಬಿದ್ದುಕೊಂಡಿದ್ದಳು. ನಾಲ್ಕನೆಯ ದಿನ ದಡಕ್ಕನೆ ಎದ್ದು ಕೂತಳು.

"ಯಾಕ ಹಿಂಗ ಸತ್ತವರ ಮನಿ ಮಾಡಿ ಇಟ್ಟೀರಿ?"

"ನಿನಗ ನಿದ್ದಿ ಬರ್ಲಿ ಅಂತ."

"ಇಷ್ಟ ಸುಮ್ನ ಇದ್ರ ನಿದ್ದಿ ಹೆಂಗ ಬರ್ತೈತ್ರಿ? ನಾನೇನ ಗಡಹಿಂಗ್ಲಜದಾಗ ಅದೀನೇನು? ಇಲ್ಲಿ ಬಂದು ನಾಲ್ವತ್ತ ವರ್ಷ ಆತು. ಮಗ್ಗದ ಸಪ್ಪಳಕ್ಕ ಮಲಗಾಕಿ ನಾನು. ಮಗ್ಗ ಹೋದ್ಮ್ಯಾಲ ನಿಮ್ಮ ಗೊರಕಿ ಇತ್ತು, ಹೆಂಗೋ ನಡೀತಿತ್ತು. ಈಗ ಅದೂ ಇಲ್ಲ."

ಹೊಂದಿಕೊಂಡಳೋ ಇಲ್ಲವೋ ಎಂದು ನಾನು ಕೇಳಿರಲಿಲ್ಲವಲ್ಲ, ಉತ್ತರ ನಾಲ್ವತ್ತು ವರ್ಷ ತಡವಾಗಿ ಬಂತು. ಗಡಹಿಂಗ್ಲಜದ ಹುಡುಗಿ ಯಾವಾಗಲೋ ನಮ್ಮಂತೆ ಮಗ್ಗದವಳಾಗಿದ್ದಳು, ನಾನೊಬ್ಬ ಅದನ್ನು ನೋಡಿರಲಿಲ್ಲ. ತಕ್ಷಣ ಸ್ಕೂಟರ್ ತೆಗೆದುಕೊಂಡು ಮಗನ ಶೆಡ್ಡಿಗೆ ಹೋಗಿ ಅರ್ಧ ತಾಸು ಮಗ್ಗದ ಸದ್ದನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದೆ. ದಿಂಬಿನ ಹತ್ತಿರ ಇಟ್ಟು ಹಚ್ಚಿದೆ.

ಎರಡು ನಿಮಿಷ ಕೇಳಿ ಅವಳು, "ಇದ್ಯಾವ ಮಗ್ಗರಿ? ಹಿಟ್ಟಿನ ಗಿರಣಿ ಇದ್ದಂಗೈತಿ" ಎಂದು ಆಚೆ ಸರಿಸಿದಳು. ಹೊಸ ಮಗ್ಗಗಳಿಗೆ ಅತ್ತಿಂದಿತ್ತ ಬಡಿಯುತ್ತ ಓಡುವ ಲಾಳಿಯಿಲ್ಲ, ಲಾಳಿಯಿಲ್ಲದ ಮೇಲೆ ಖಟ್ ಖಟ್ ಎಲ್ಲಿಂದ ಬರಬೇಕು?

ಉಳಿದದ್ದು ಒಂದೇ ದಾರಿ. ನಾನು ಎಚ್ಚರವಾಗಿ ಕೂತು ಗೊರಕೆ ಹೊಡೆಯಬೇಕು. ಕೇಳಲು ಸುಲಭ. ಆದರೆ ನನ್ನ ಗೊರಕೆಯನ್ನು ನಾನು ಎಂದಾದರೂ ಕೇಳಿದ್ದರಲ್ಲವೇ? ಪದ್ಮಾವತಿಯೇ ಕಲಿಸಬೇಕಾಯಿತು. "ಅಷ್ಟ ಸಣ್ಣಗಲ್ರಿ. ಹೊಟ್ಟಿಯಿಂದ ಬರ್ಬೇಕು. ನಡುವ ಒಮ್ಮಿ ನಿಂದರ್ತೀರಿ, ಸತ್ತರೇನೋ ಅನ್ನಸ್ತೈತಿ, ಆಮ್ಯಾಲ ಒಂದ ಸೀಟಿ ಹೊಡೀತೀರಿ." ಎರಡು ದಿನ ಅಭ್ಯಾಸ ಮಾಡಿದೆ. ಮೂರನೆಯ ದಿನ ಸೀಟಿ ಕೂಡಿಬಂತು. ಐದೇ ನಿಮಿಷದಲ್ಲಿ ಅವಳ ಉಸಿರು ಸಮವಾಯಿತು, ಹಣೆಯ ಗಂಟು ಬಿಚ್ಚಿತು. ಅವಳು ನಿದ್ದೆ ಮಾಡುವುದನ್ನು ನಾನು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಅವತ್ತಿನ ಗೊರಕೆಯನ್ನು ನಾನು ಬಹಳ ಪ್ರೀತಿಯಿಂದ ಹೊಡೆದೆ.

ಒಂದು ದಿನ ಸುದರ್ಶನ ಏನೋ ಕಾಗದ ಒಯ್ಯಲು ನಡುಹೊತ್ತಿಗೆ ಮನೆಗೆ ಬಂದ. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಕಣ್ಣು ತೆರೆದುಕೊಂಡು ಗೊರಕೆ ಹೊಡೆಯುತ್ತಿರುವುದನ್ನು ಕಂಡು ಬಾಗಿಲಲ್ಲೇ ಬೆವತ. "ಅಪ್ಪಾ, ಕೊಲ್ಹಾಪುರಕ್ಕ ಹೋಗೂಣ ನಡೀರಿ, ಡಾಕ್ಟರಿಗೆ ಫೋನ್ ಮಾಡ್ತೇನಿ" ಎಂದು ಪಿಸುಗುಟ್ಟಿದ. ಗೊರಕೆ ನಿಲ್ಲಿಸುವಂತಿರಲಿಲ್ಲ. ಅಂಗೈ ಎತ್ತಿ ತೋರಿಸಿದೆ. ಮಗ್ಗದ ಮನೆಯ ಹುಡುಗ, ಸನ್ನೆ ಅರ್ಥವಾಗಿ ಕಾಗದ ಹುಡುಕದೆಯೇ ಹಿಂದಡಿ ಇಟ್ಟು ಹೋದ. ಸಂಜೆ ವಿವರಿಸಿದ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬಂದಿಲ್ಲ.

ದೀಪಾವಳಿ ಬಂತು. ಒಂದು ದಿನವೂ ತಪ್ಪದೆ ನಿಯಮ ಮುಗಿಸಿದೆ. ಮಹಾರಾಜರು ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಭದ್ರವಾಗಿ ಇಟ್ಟುಕೊಂಡು ಕೇಳಿದೆ. ಮರುದಿನ ಉಂಡು, ಕೈತೊಳೆದು, ಇಷ್ಟು ತಿಂಗಳು ಕಾದಿದ್ದ ನನ್ನ ಮಂಚದ ಮೇಲೆ ರಾಜನ ಹಾಗೆ ಕಾಲು ಚಾಚಿದೆ. ಇನ್ನು ಯಾರ ಭಯವೂ ಇಲ್ಲ. ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ. ಮಗ್ಗುಲು ಬದಲಿಸಿದೆ. ಬರಲಿಲ್ಲ. ಅದು ಬರುವ ದಾರಿಯನ್ನೇ ಮರೆತಿತ್ತು. ಬರಲಿ, ಕಾಯೋಣ ಎಂದು ಸದ್ದಿಲ್ಲದೆ ಬಿದ್ದುಕೊಂಡೆ.

ಹತ್ತು ನಿಮಿಷವಾಗಿರಬೇಕು. ಆಚೆ ಮಂಚದಿಂದ ಪದ್ಮಾವತಿಯ ಕೈ ಮೇಲೆದ್ದಿತು. ಅವಳು ಕಣ್ಣು ತೆರೆಯಲಿಲ್ಲ, ಮಾತಾಡಲಿಲ್ಲ. ತೋರುಬೆರಳನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ ಕೈ ಕೆಳಗಿಟ್ಟಳು.

ನಾನು ಎದ್ದು ಕೂತು, ಗಂಟಲು ಸರಿಮಾಡಿಕೊಂಡು ಚಾಲೂ ಮಾಡಿದೆ.