ತಿಂಡಿ ಆಯ್ತಾ?

ರಾಜೇಸಾಬರ ಮರ್ಯಾದೆ ಹೋದದ್ದು ಒಂದೇ ಒಂದು ಶಬ್ದದಿಂದ.

ದಾಂಡೇಲಿಯ ಬಸ್ ಸ್ಟಾಪಿನ ಹತ್ತಿರ ಅವರದು ಬೈಕ್ ಗ್ಯಾರೇಜು. ಗ್ಯಾರೇಜೇ ಇಲ್ಲದ ಕುಂಬಾರವಾಡದಂಥ ಊರಲ್ಲಿ ಗಾಡಿ ಕೆಟ್ಟರೆ ಜನ ಬಸ್ಸಿನ ದಾರಿ ಕಾಯುತ್ತ ಕೂರಬೇಕು. ಸಣ್ಣಪುಟ್ಟ ರಿಪೇರಿ ಅವರೇ ಮಾಡಿಕೊಳ್ಳಲಿ ಎಂದು ವಿಡಿಯೊ ಮಾಡಿ ಹಾಕುತ್ತಿದ್ದರು. ಫೋನು ಹಿಡಿಯುವವಳು ಮಗಳು ಉಜ್ಮಾ. ಅವಳ ಮುಖ ಎಲ್ಲೂ ಕಾಣುತ್ತಿರಲಿಲ್ಲ. ಕೊನೆಗೆ ಮಾತ್ರ "ಚಲೋ ಆತು ಅಬ್ಬಾ" ಎಂಬ ದನಿ ಕೇಳುತ್ತಿತ್ತು.

ಮಂಡ್ಯ ಕಡೆಯ ಯಾರೋ "ನಿಮ್ಮ ಭಾಷೆ ಅರ್ಥ ಆಗಲ್ಲ" ಎಂದು ಬರೆದರು. ಹೌದಲ್ಲ ಎನ್ನಿಸಿ, ಮುಂದಿನ ವಿಡಿಯೊದಲ್ಲಿ ರಾಜೇಸಾಬರು ಎಣ್ಣೆಗೈ ಜೋಡಿಸಿ, ಮುಖದ ತುಂಬ ನಕ್ಕು, ಬೆಂಗಳೂರು ಕನ್ನಡದಲ್ಲಿ ವಿಚಾರಿಸಿದರು: "ಎಲ್ಲರದೂ ತಿಂಡಿ ಆಯ್ತಾ?"

ನಮ್ಮ ಕಡೆ ಬೆಳಿಗ್ಗೆ ತಿನ್ನುವುದು ನಾಷ್ಟಾ. ತಿಂಡಿ ಎಂದರೆ ಮೈ ತುರಿಕೆ.

"ನಂದು ಆತು ಚಾಚಾ, ನಿಂದು?" ಎಂದು ಒಬ್ಬ ಬರೆದ. ಇನ್ನೊಬ್ಬ ಆ ತುಣುಕನ್ನು ಕತ್ತರಿಸಿ, ಮೈ ಕೆರೆದುಕೊಳ್ಳುವ ಮಂಗನ ಪಕ್ಕಕ್ಕೆ ಅಂಟಿಸಿದ. ಅದು ಹಳಿಯಾಳ, ಮುಂಡಗೋಡದವರೆಗೂ ತಿರುಗಾಡಿ ಬಂತು. ತಮ್ಮನ್ನು ನೋಡಿ ನಕ್ಕರೆ ರಾಜೇಸಾಬರು ಸಹಿಸಿಕೊಳ್ಳುತ್ತಿದ್ದರು. ಆದರೆ ಕೆಲವರು ಆ ಹುಡುಗಿಯ ದನಿಯ ಬಗ್ಗೆಯೂ ಬರೆದರು, ಮನೆಯಲ್ಲಿ ಓದಿ ಹೇಳಲಾಗದಂಥ ಮಾತು. ಕಾಲೇಜಿನ ಬಸ್ಸಿನಲ್ಲಿ ಉಜ್ಮಾಳನ್ನು ಕಂಡ ಕೂಡಲೇ ನಾಲ್ಕಾರು ಕೈ ಕೆರೆದುಕೊಳ್ಳತೊಡಗಿದವು. ಅವಳು ಕಾಲೇಜು ಬಿಟ್ಟು ಚೀಲವನ್ನು ಗೂಟಕ್ಕೆ ಹಾಕಿದಳು.

"ಇವತ್ತರ ಹೋಗು ಬೇಟಿ. ಮಧ್ಯಾಹ್ನ ಪ್ರಾಕ್ಟಿಕಲ್ ಐತಿ ಅಂದಿದ್ದೆಲಾ," ಎಂದು ಒಂದು ದಿನ ಬೆಳಿಗ್ಗೆ ರಾಜೇಸಾಬರು ಗೋಗರೆದರು.

"ಎಲ್ಲಾರೂ ನನ್ನ ನೋಡಿ ಕೆರಕೋತಾರ ಅಬ್ಬಾ. ನನಗ ಓದೂದಾ ಬ್ಯಾಡ."

ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದ ಮನುಷ್ಯನಿಗೆ ಆ ಮಾತು ಕರುಳಿಗೆ ತಾಗಿತು. ಚಹಾ ಕುಡಿಯದೆ ಗ್ಯಾರೇಜಿಗೆ ಹೋದರು.

ಅಲ್ಲಿ ಕಾಯಿಪಲ್ಲೆ ಮಾರುವ ಕಾಶೆವ್ವ ಒಂದು ಹೊರೆ ಬೇವಿನ ತಪ್ಪಲು ಹಿಡಿದು ನಿಂತಿದ್ದಳು. ಅವಳ ಬಳಿ ಫೋನಿಲ್ಲ, ಕಿವಿ ಮಾತ್ರ ಇದೆ.

"ರಾಜೇಸಾಬಣ್ಣಾ, ನಿನಗ ಭಾಳ ತಿಂಡಿ ಅಂತಲ್ಲೋ? ಊರೆಲ್ಲಾ ಅಂದಾಡ್ತೈತಿ. ಇದನ್ನ ಕುದಿಸಿ ಜಳಕಾ ಮಾಡು."

"ನನಗ ಏನೂ ಆಗಿಲ್ಲ ಕಾಶೆವ್ವಾ."

"ನಾಚಬ್ಯಾಡ. ಇಂಥಾದ್ದು ಮುಚ್ಚಿಟ್ರ ಹೆಚ್ಚಾಗತೈತಿ."

ಪಕ್ಕದ ಮೆಡಿಕಲ್ ಅಂಗಡಿಯ ಮಾಲತೇಶನೂ ಬಂದ. "ವಿಡಿಯೊ ಅಳಿಸಿಬಿಡ್ರಿ ಚಾಚಾ."

"ನಂದು ಅಳಸಬಹುದಪಾ. ಮಂಗ್ಯಾನ ಜೋಡಿ ಇರೂದನ್ನ ಯಾರು ಅಳಸ್ತಾರ?"

ರಾಜೇಸಾಬರು ಎಣ್ಣೆಗೈ ಒರೆಸಿಕೊಂಡರು. ಆಮೇಲೆ ಫೋನನ್ನು ಆಯಿಲ್ ಡಬ್ಬಿಗೆ ಆನಿಸಿ ನಿಲ್ಲಿಸಿ, ತಮ್ಮದೇ ಮಾತಿನಲ್ಲಿ ಹೇಳಿದರು: "ಆ ಶಬ್ದ ಆಡಿದಾಂವ ನಾನು. ಬೇಕಾದಷ್ಟು ನಗ್ರಿ, ನನಗ ಸಿಟ್ಟಿಲ್ಲ. ಫೋನು ಹಿಡಿದಾಕಿ ನನ್ನ ಮಗಳು. ಆಕಿ ಏನ್ ತಪ್ಪು ಮಾಡ್ಯಾಳ್ರಿ? ಆಕಿನ್ನ ಓದಾಕ ಬಿಡ್ರಿ." ಅಷ್ಟು ಹೇಳಿ ವಿಡಿಯೊ ಹಾಕಿಬಿಟ್ಟರು.

ನೋಡುತ್ತ ನಿಂತಿದ್ದ ಮಾಲತೇಶ ಕಣ್ಣೊರೆಸಿಕೊಂಡ. "ಒಂದು ಫೋಟೊ ಕೊಡ್ರಿ ಚಾಚಾ. ಊರು ನಿಮ್ಮ ಬೆನ್ನಿಗೆ ಐತಿ ಅಂತ ತೋರಸ್ತೇನಿ."

ರಾಜೇಸಾಬರು ತಮಗೆ ಬಲು ಇಷ್ಟವಾದ ಫೋಟೊ ಕಳಿಸಿದರು: ಕಾಲೇಜಿಗೆ ಸೇರಿದ ದಿನ ಅಪ್ಪ–ಮಗಳು ಪಕ್ಕಪಕ್ಕ ನಿಂತದ್ದು.

ಮಧ್ಯಾಹ್ನ ಉಜ್ಮಾ ತಾನಾಗಿ ಚೀಲ ಹೆಗಲಿಗೇರಿಸಿಕೊಂಡು ಗ್ಯಾರೇಜಿಗೆ ಬಂದಳು. ಕಣ್ಣು ಕೆಂಪಾಗಿತ್ತು. "ವಿಡಿಯೊ ನೋಡಿದೆ. ನಡೀರಿ ಅಬ್ಬಾ, ಬಸ್ಸಿಗೆ ಹೋಗೂಣು."

ರಾಜೇಸಾಬರು ಹಬ್ಬಕ್ಕೆ ಹೊರಟವರ ಹಾಗೆ ಮಗಳ ಜೊತೆ ಹೊರಟರು. ಸ್ಟಾಪು ತಲುಪಿದವರೇ ತಲೆಯೆತ್ತಿ ನೋಡಿ ನಿಂತುಬಿಟ್ಟರು. ಮಾವಿನ ಮರಕ್ಕೆ ಹೊಸ ಬ್ಯಾನರು ಕಟ್ಟಿತ್ತು. ಅದರ ತುಂಬ ಅಪ್ಪ–ಮಗಳ ಮುಖ, ಪಕ್ಕದಲ್ಲಿ ತುರಿಕೆ ಮುಲಾಮಿನ ದೊಡ್ಡ ಟ್ಯೂಬು, ಕೆಳಗೆ ಅಕ್ಷರ: "ತಿಂಡಿಗೆ ಹೆದರಬೇಡಿ, ನಾವಿದ್ದೇವೆ. ಮಾಲತೇಶ ಮೆಡಿಕಲ್ಸ್."

"ಹೆಂಗೈತಿ ಚಾಚಾ?" ಎಂದು ಮಾಲತೇಶ ಅಂಗಡಿಯಿಂದಲೇ ಕೈಯೆತ್ತಿದ. ಪಾಪ, ಅವನ ಕಣ್ಣೀರು ಸುಳ್ಳಲ್ಲ. ಅಂಗಡಿಯ ಹೆಸರು ಹಾಕದೆ ಬ್ಯಾನರು ಮಾಡಿಸುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಇಷ್ಟು ದಿನ ದನಿಯಷ್ಟೇ ಇದ್ದ ಹುಡುಗಿಗೆ ಈಗ ಮುಖವೂ ಬಂದಿತ್ತು. ಸ್ಟಾಪಿನ ಜನ ಒಮ್ಮೆ ಬ್ಯಾನರು, ಒಮ್ಮೆ ಉಜ್ಮಾಳನ್ನು ನೋಡಿ ಫೋನು ತೆಗೆದರು. ಅವಳು ದುಪಟ್ಟಾ ಮುಖಕ್ಕೆಳೆದುಕೊಂಡು ಮನೆಯ ಕಡೆ ತಿರುಗಿದಳು.

"ನಿಲ್ಲು ಬೇಟಿ!" ಎಂದವರೇ ರಾಜೇಸಾಬರು ಮರ ಹತ್ತಿದರು. ಹಗ್ಗ ಬಿಚ್ಚಿ ಬ್ಯಾನರು ಕೆಡವಿದ್ದೇನೋ ಆಯಿತು. ಹಗ್ಗದ ಜೊತೆ ಕೆಂಪಿರುವೆಯ ಗೂಡೂ ಹರಿದು ಹೆಗಲ ಮೇಲೆ ಬಿತ್ತು. ಅಂಗಿಯೊಳಗೆ, ಕಿವಿಯೊಳಗೆ, ಎಲ್ಲಿ ಸಂದಿಯೋ ಅಲ್ಲಿ ಇರುವೆ. ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಅವರು ಬಡಬಡ ಕೆರೆದುಕೊಂಡ ಪರಿ ಆ ಮಂಗನಿಗೂ ಬರುತ್ತಿರಲಿಲ್ಲ.

"ಲೇ, ಚಾಚಾಗ ಖರೇನ ತಿಂಡಿ ಐತಿ!" ಎಂದು ಒಬ್ಬ ಕೂಗಿದ. ಎಲ್ಲ ಫೋನುಗಳೂ ಮರದ ಕಡೆ ತಿರುಗಿದವು.

ಅಷ್ಟರಲ್ಲಿ ಬಸ್ಸು ಬಂತು. ಉಜ್ಮಾಳ ಕಡೆ ನೋಡುವವರು ಒಬ್ಬರೂ ಇರಲಿಲ್ಲ. ಅವಳು ಅಪ್ಪನನ್ನೇ ಒಂದು ಗಳಿಗೆ ನೋಡಿ, ಬಸ್ಸು ಹತ್ತಿದಳು. ಹೊರಡುವಾಗ ಕಿಟಕಿಯಿಂದ ಮುಖ ಹೊರಹಾಕಿ, ಸ್ಟಾಪಿಗೆಲ್ಲ ಕೇಳುವಂತೆ ಕೂಗಿದಳು: "ಚಲೋ ಆತು ಅಬ್ಬಾ!"

ರಾಜೇಸಾಬರು ಮರ ಇಳಿದಾಗ ಕೆಳಗೆ ಕಾಶೆವ್ವ ಅದೇ ಹೊರೆ ಹಿಡಿದು ನಿಂತಿದ್ದಳು.

"ಮುಂಜಾನೆ ಏನೂ ಆಗಿಲ್ಲ ಅಂದೆಲಾ?"

ರಾಜೇಸಾಬರು ಎರಡೂ ಕೈ ಒಡ್ಡಿ ಬೇವಿನ ತಪ್ಪಲು ತೆಗೆದುಕೊಂಡರು.