ಉಸಿರು ಬಿಗಿಹಿಡಿದವರ ಸ್ವಭಾವ

"ಏರ್ರಿ, ಏರ್ರಿ! ನಿಮ್ಮ ನಿಜವಾದ ಸ್ವಭಾವ ಈಗ ಹೊರಗ ಬೀಳತೈತಿ!"

ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ನಮ್ಮ ಪಕ್ಕದ ಮನೆಯ ಗುರುಪಾದಪ್ಪ ಕಾಕಾ ಕೂಗುತ್ತಿದ್ದರು. ಹಿಂದೆ ಪ್ಲಾಟ್‌ಫಾರ್ಮಿನಲ್ಲಿ ಬಣ್ಣದ ಬಲ್ಬು ಮಿನುಗಿಸುತ್ತ ತೂಕದ ಜೊತೆ ಭವಿಷ್ಯದ ಚೀಟಿಯನ್ನೂ ಉದುರಿಸುತ್ತಿತ್ತಲ್ಲ, ಆ ಯಂತ್ರ! ಗುಜರಿಯಿಂದ ಅದನ್ನು ತಂದು, ಯಾವುದೋ 'ನಿನ್ನನ್ನು ನೀನು ಅರಿ' ಶಿಬಿರದಲ್ಲಿ ಕಲಿತದ್ದನ್ನೆಲ್ಲ ಅದರ ಹೊಟ್ಟೆಗೆ ತುಂಬಿದ್ದರು. ಮೇಲೆ ನಿಂತವರ ಉಸಿರು, ಎದೆಬಡಿತ ಅಳೆದು ಅದು ಸ್ವಭಾವದ ಚೀಟಿ ಕೊಡುತ್ತಿತ್ತು. ಜೊತೆಗೊಂದು ಬಿಲ್ಲೆ. ಎದೆಗೆ ಸಿಕ್ಕಿಸಿಕೊಂಡರೆ, ಸ್ವಭಾವ ತಪ್ಪಿ ನಡೆದಾಗ ಎಚ್ಚರಿಸುತ್ತಿತ್ತು.

ಮೊದಲು ಏರಿದವರು ಅವರ ಹೆಂಡತಿ ನೀಲವ್ವ ಕಾಕು. ಅವರು ಅಡುಗೆಮನೆಯಿಂದ ಗಂಡನನ್ನು ಬೈದರೆ ಸಿಗ್ನಲ್ ಕಂಬದವರೆಗೂ ಕೇಳುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ದನಿ ಕೇಳಿಯೇ ನನಗೆ ಪರವೂರಿನ ಭಯ ಹೋಗಿತ್ತು.

ಟಣ್! ಚೀಟಿ ಬಿತ್ತು: 'ಮಿತಭಾಷಿ.'

"ಯಂತ್ರಕ್ಕ ತಲಿ ಕೆಟ್ಟೈತಿ!" ಎಂದರು ಕಾಕು.

"ಇದು ನಿಮ್ಮ ಸ್ವಭಾವವಲ್ಲ!" ಎಂದಿತು ಬಿಲ್ಲೆ.

ಆಮೇಲೆ ಏರಿದವರೆಲ್ಲ ಮಿತಭಾಷಿಗಳೇ! ನನ್ನ ಅತ್ತೆಯೂ ಮಿತಭಾಷಿ ಎಂದಾಗ ಮಾತ್ರ ನಾನು ಯಂತ್ರಕ್ಕೆ ಕೈಮುಗಿದೆ. ಮರುದಿನ ನಳದ ಹತ್ತಿರವೂ ಜಗಳವಿಲ್ಲ. ತರಕಾರಿಯವನು ಗಾಬರಿಯಾಗಿ, "ಯಾರ್ ತೀರ್ಕೊಂಡ್ರೀ?" ಎಂದು ಕೇಳಿದ.

ವಾರ ಕಳೆಯಿತು. ಕಾಕು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನಮ್ಮವ್ವ ಹಿಂಗ ಒದರತಿದ್ಲು. ನಾ ಇಷ್ಟ್ ವರ್ಷ ಒದರಿದ್ದು ಆಕಿ ದನೀನೋ ಏನೋ. ನಂದಲ್ಲ."

ನನಗೆ ಅಳುವೇ ಬಂತು. ಕಾಕಾ ಊಟ ಬಿಟ್ಟಿದ್ದರು. "ಪಲ್ಯಾದಾಗ ಉಪ್ಪಿಲ್ಲ ಅಂತ ಬೇಕಂತ ಅಂದೆ. ಉಪ್ಪಿನ ಡಬ್ಬಿ ಮುಂದ ಸರಿಸಿದ್ಲು, ಅಷ್ಟ! ಒಂದ್ ಸಲ ಬೈಯ, ನೀಲಾ!"

"ಕಾಕಾ, ತೂಕ ಕಡಿಮಿ ಬರ್ಲಿ ಅಂತ ನಾವೆಲ್ಲ ಉಸಿರು ಹಿಡದ್ ನಿಂತಿದ್ವಿ!" ಎಂದೆ.

ಕಾಕಾ ಹಣೆ ಹಣೆ ಬಡಿದುಕೊಂಡರು. ಕೈಹಿಡಿದು ಕಾಕುವನ್ನು ಮತ್ತೆ ಯಂತ್ರ ಹತ್ತಿಸಿದರು. ಅವರು ರೂಢಿಯಂತೆ ಮತ್ತೆ ಉಸಿರು ಹಿಡಿದರು! ಅಷ್ಟರಲ್ಲಿ ಒಳಗೆ ಕುಕ್ಕರ್ ಸೀಟಿ ಹೊಡೆಯಿತು.

"ಇದು ನಿಮ್ಮ ಸ್ವಭಾವವಲ್ಲ!" ಎಂದಿತು ಬಿಲ್ಲೆ.

"ಏ ಬಿಲ್ಲೆ! ಸೀಟಿ ಹೊಡದದ್ದು ಕುಕ್ಕರ್! ಸುಮ್ನಿದ್ರೂ ನನಗ ಬೈತೀಯೇನು? ನಮ್ಮವ್ವನ ದನಿ ಆದ್ರ ಏನಾತು? ನಮ್ಮವ್ವನೂ ನನ್ನಾಕಿನ! ರೀ, ಏನ್ ನೋಡ್ತೀರಿ, ಬ್ಯಾಳಿ ತಳಾ ಹಿಡಿಯಾಕತ್ತೈತಿ!"

ಮಾತಿಗೊಂದು ಚೀಟಿ ಉದುರತೊಡಗಿತು. ಹಠಮಾರಿ! ಕರುಣಾಮಯಿ! ಸೇನಾಪತಿ! ಅಂಜುಬುರುಕಿ! ಅಂಗಳದ ತುಂಬ ಚೀಟಿ! ಬಲ್ಬುಗಳು ಪಟಪಟ ಒಡೆದವು. ಕೊನೆಯ ಚೀಟಿ ಖಾಲಿ ಬಿತ್ತು. ಕಾಕಾ ಕಣ್ಣೊರೆಸಿಕೊಂಡು ಅದೊಂದನ್ನೇ ಜೇಬಿಗಿಟ್ಟುಕೊಂಡು, ಒಲೆ ಆರಿಸಲು ಓಡಿದರು.

ಈಗ ಕಾಕಾ ಇಲ್ಲ, ಕಾಕುವೂ ಇಲ್ಲ. ಆ ದನಿಯಿಲ್ಲದೆ ಬೆಳಗು ಬರೀ ಬೆಳಕಾಗುತ್ತದೆ, ಅಷ್ಟೇ. ಯಂತ್ರ ನಮ್ಮ ಪಡಸಾಲೆಯಲ್ಲಿದೆ, ತೂಕವನ್ನಷ್ಟೇ ತೋರಿಸುತ್ತದೆ. ಬಂದವರೆಲ್ಲ ಅದರ ಮೇಲೆ ಈಗಲೂ ಉಸಿರು ಬಿಗಿಹಿಡಿದೇ ನಿಲ್ಲುತ್ತಾರೆ.